ಬೈಯದ ದನಿ

ಬಸ್ ನಿಲ್ದಾಣದಲ್ಲಿ ಅವಳ ದನಿ ಎಲ್ಲರಿಗೂ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಮೂಲೆಯ ಗೂಡಿನಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ, ಯಾರ ಚೀಲ ಎಲ್ಲಿ ಸಿಕ್ಕಿದೆ ಎಂದು ದಿನವಿಡೀ ಹೇಳುವುದೇ ಅವಳ ಕೆಲಸ. ಕಂಡಕ್ಟರುಗಳ ಬಾಯಲ್ಲಿ ಅವಳು ‘ಮೈಕಮ್ಮ’. ಆ ಗಂಟಲಿಗೆ ಮೈಕು ಯಾಕೆ ದಂಡ ಎಂದು ಆಡಿಕೊಳ್ಳುವವರೂ ಇದ್ದಾರೆ. ಮನೆಯಲ್ಲಿ ಮಗಳನ್ನು ಬೈಯಲು ಶುರುಮಾಡಿದರೆ ಮೇಲಿನ ಮಹಡಿಯವರು ಟೀವಿ ಸದ್ದು ತಗ್ಗಿಸಿ ಕೇಳುತ್ತಾರೆ.

ಕೆಲವು ವರ್ಷಗಳ ಹಿಂದೆ ಆಸ್ಪತ್ರೆಯವರು ಆ ದನಿಯನ್ನೇ ಹುಡುಕಿಕೊಂಡು ಬಂದಿದ್ದರು. ಕುಡಿತಕ್ಕೋ ಗಾಂಜಾಕ್ಕೋ ಬಿದ್ದ ಹರೆಯದ ಮಕ್ಕಳಿಗಾಗಿ ಕಂಪ್ಯೂಟರಿನಲ್ಲಿ ಒಂದು ಪಾಠ ತಯಾರಾಗುತ್ತಿತ್ತು. ಮಗು ಒಂಟಿಯಾಗಿ ಕೂತು ಹೆಡ್‌ಫೋನ್ ಹಾಕಿಕೊಂಡರೆ ಕಂಪ್ಯೂಟರು ಮೈಕಮ್ಮನ ದನಿಯಲ್ಲಿ ಕೇಳುತ್ತದೆ: ಯಾವಾಗ ಆಸೆಯಾಗುತ್ತೆ, ಯಾರ ಜೊತೆ, ಗೆಳೆಯರು ಕರೆದರೆ ಹೇಗೆ ಬೇಡ ಅಂತೀಯ. ಉತ್ತರ ಒತ್ತಿದ ಹಾಗೆಲ್ಲ ಪಾಠ ಮುಂದೆ ಹೋಗುತ್ತದೆ. ಮನುಷ್ಯರ ಮುಖ ನೋಡಿ ಹೇಳಲಾಗದ್ದನ್ನು ಮಕ್ಕಳು ಯಂತ್ರಕ್ಕೆ ಹೇಳುತ್ತಾರಂತೆ. ಏನು ಕಾಲವೋ.

ಮೈಕಮ್ಮ ಎಲ್ಲವನ್ನೂ ಸಲೀಸಾಗಿ ಓದಿದಳು, ಒಂದು ಮಾತಿಗೆ ಮಾತ್ರ ಎಡವಿದಳು. ಮಗು ನಿಜ ಒಪ್ಪಿಕೊಂಡಾಗ ಬರುವ ಮಾತು ಅದು: “ಹೇಳಿದ್ದು ಒಳ್ಳೇದಾಯ್ತು. ನಾನು ಬೈಯಲ್ಲ. ಇನ್ನೂ ಇದ್ರೆ ಹೇಳು.”

“ಅಮ್ಮ, ಬೈಯಲ್ಲ ಅಂತಾನೂ ಬೈದ ಹಾಗೇ ಹೇಳ್ತಿದ್ದೀರಲ್ಲ,” ಎಂದ ರೆಕಾರ್ಡ್ ಮಾಡುವವನು. “ನಿಮ್ಮ ಮಗಳಿಗೆ ಅಂದ್ಕೊಂಡು ಹೇಳಿ.”

ಹಾಗೆ ಅಂದುಕೊಂಡಾಗ ಇನ್ನೂ ಕೆಟ್ಟಿತು. ಕೊನೆಗೆ, ನಿಲ್ದಾಣದಲ್ಲಿ ಒಮ್ಮೆ ಅಮ್ಮನ ಕೈತಪ್ಪಿ ಅಳುತ್ತಾ ಬಂದಿದ್ದ ಯಾರದೋ ಮಗುವನ್ನು ನೆನೆದುಕೊಂಡಳು. ದನಿ ತಾನಾಗಿಯೇ ಮೆತ್ತಗಾಯಿತು.

ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಮೈಕಮ್ಮ, ಮಗಳು; ಮೈಕಮ್ಮನ ತಮ್ಮನೂ ತನ್ನ ಕೊನೆಯ ದಿನಗಳಲ್ಲಿ ಅಲ್ಲೇ ಇದ್ದ. ಹುಟ್ಟಿದಾಗ ಅಳು ನಿಲ್ಲಿಸದ ಮಗಳಿಗೆ ‘ಪಿಟೀಲು’ ಎಂದು ಹೆಸರಿಟ್ಟವನೇ ಈ ಸೋದರಮಾವ. ಕುಡಿದು ಕುಡಿದೇ ಅವನ ಜೀವ ಹೋಯಿತು. ಅವನೂ ಶುರುಮಾಡಿದ್ದು ಪಿಟೀಲಿನ ವಯಸ್ಸಿನಲ್ಲೇ. ಹಾಗಾಗಿ, ಮಗಳು ಶಾಲೆಯ ಮೆಟ್ಟಿಲ ಹಿಂದೆ ಕುಡಿದು ಬಿದ್ದಿದ್ದಾಳೆ, ಬ್ಯಾಗಿನಲ್ಲಿ ಗಾಂಜಾ ಸಿಕ್ಕಿದೆ ಎಂದು ಫೋನು ಬಂದಾಗ ಮೈಕಮ್ಮನಿಗೆ ಮೊದಲು ನೆನಪಾದದ್ದು ತಮ್ಮನೇ. ಮೈಕು ಆನ್ ಇದ್ದದ್ದೂ ಮರೆತುಹೋಗಿ, “ಅಯ್ಯೋ ನನ್ನ ಕಂದ” ಎಂದದ್ದು ನಿಲ್ದಾಣಕ್ಕೆಲ್ಲ ಕೇಳಿಸಿತು.

ಹೆದರಿಕೆಯಾದರೆ ಅವಳ ಬಾಯಿಂದ ಬರುವುದು ಬೈಗುಳವೇ. ಮನೆಗೆ ಬಂದು ಬಾಯಿಗೆ ಬಂದದ್ದೆಲ್ಲ ಅಂದಳು. ಪಿಟೀಲು ತುಟಿ ಪಿಟಕ್ಕೆನ್ನಲಿಲ್ಲ. ಆ ಮೌನ ಕಂಡು ಇವಳಿಗೆ ಮತ್ತಷ್ಟು ದಿಗಿಲು. ತಮ್ಮನೂ ಹೀಗೇ ಬಾಯಿ ಹೊಲಿದುಕೊಂಡು ಕೂರುತ್ತಿದ್ದ.

ಡಾಕ್ಟರು ಅದೇ ಕಂಪ್ಯೂಟರ್ ಪಾಠ ಬರೆದುಕೊಟ್ಟರು. ನಿಜ ಹೇಳಿದರೆ ಮಾತ್ರ ಕೆಲಸ ಮಾಡುತ್ತೆ, ಸುಳ್ಳು ಉತ್ತರ ಒತ್ತಿದರೆ ಎಲ್ಲ ವ್ಯರ್ಥ, ಎಂದರು. ಅದರಲ್ಲಿರುವುದು ತನ್ನದೇ ದನಿ, ಅದಕ್ಕೆ ಮಗಳು ನಿಜ ಹೇಳುವುದುಂಟೇ.

“ಬೇರೆ ದನಿ ಹಾಕೋಕಾಗುತ್ತಾ?” ಎಂದು ನರ್ಸನ್ನು ಕೇಳಿದಳು.

“ಇರೋದು ಇದೊಂದೇ ಅಮ್ಮ.”

ಬಾಗಿಲ ಗಾಜಿನಾಚೆ ಮಗಳ ಬೆನ್ನಷ್ಟೇ ಕಾಣುತ್ತಿತ್ತು. ಫಿನಾಯಿಲ್ ವಾಸನೆಯ ಪಡಸಾಲೆಯಲ್ಲಿ ಕೂತು ಮೈಕಮ್ಮ ಸೆರಗು ಹಿಂಡುತ್ತಿದ್ದಳು. ಈಗ ನನ್ನ ದನಿ ಕೇಳುತ್ತೆ, ಎದ್ದು ಬರುತ್ತಾಳೆ, ಇಲ್ಲವೇ ಸುಳ್ಳು ಒತ್ತುತ್ತಾಳೆ, ಅಲ್ಲಿಗೆ ಮುಗಿಯಿತು. ಮಗಳು ಹೆಡ್‌ಫೋನ್ ಕಿತ್ತು ತಿರುಗಿ ನೋಡಿದಳು. ಇವಳು ಕುರ್ಚಿಯಿಂದ ಅರ್ಧ ಎದ್ದಳು. ಮಗಳು ಏನೂ ಹೇಳದೆ ಅದನ್ನು ಮತ್ತೆ ಹಾಕಿಕೊಂಡಳು.

ಸ್ವಲ್ಪ ಹೊತ್ತಿಗೆ ನರ್ಸ್ ಬಂದಳು. “ಕಂಪ್ಯೂಟರ್ ಕೆಟ್ಟೋಯ್ತು ಅಂದ್ಕೊಂಡೆ. ಒಂದು ಉತ್ತರ ಕೊಟ್ಟಳು, ಆಮೇಲೆ ಒಂದೇ ಮಾತನ್ನ ಮತ್ತೆ ಮತ್ತೆ ಕೇಳ್ತಿದ್ದಾಳೆ. ಬೈಯಲ್ಲ ಅನ್ನೋದಿದೆಯಲ್ಲ, ಅದು.”

ಹೊರಗೆ ಬಂದ ಪಿಟೀಲು ಪಕ್ಕದ ಕುರ್ಚಿಯಲ್ಲಿ ಕೂತಳು. ಕಣ್ಣು ಕೆಂಪಗಿದ್ದವು.

“ಅದು ನೀನೇ ತಾನೇ?”

“ಹೂಂ.”

“ಯಾರಿಗೆ ಹೇಳಿದ್ದು ಹಾಗೆ?”

ನಿನಗೇ ಎನ್ನಬಹುದಿತ್ತು. ಸುಳ್ಳು ಒತ್ತಬೇಡ ಎಂದು ಮಗಳಿಗೆ ಹೇಳಿ ಕರೆತಂದವಳಿಗೆ ನಾಲಿಗೆ ಹೊರಳಲಿಲ್ಲ. “ಯಾರದೋ ಮಗುಗೆ.”

“ಗೊತ್ತಾಯ್ತು ಬಿಡು. ನನಗಾಗಿದ್ರೆ ಹಾಗೆ ಬರ್ತಿರ್ಲಿಲ್ಲ.” ಪಿಟೀಲು ನೆಲ ನೋಡುತ್ತಾ ಹೇಳಿದಳು, “ಮೊದಲು ಕುಡಿದಿದ್ದು ಎಲ್ಲಿ ಅಂತ ಕೇಳ್ತು. ಮನೇಲಿ ಅಂತ ಒತ್ತಿದೆ.”

ಮೈಕಮ್ಮ ಅವಳತ್ತ ತಿರುಗಿದಳು.

“ಮಾವ ಕುಡೀದ ಹಾಗೆ ನೋಡ್ಕೋ ಅಂತ ನನ್ನ ಬಿಟ್ಟು ಡ್ಯೂಟಿಗೆ ಹೋಗ್ತಿದ್ದೆಯಲ್ಲ. ಅವನು ಬಾಟ್ಲಿ ಬಚ್ಚಿಟ್ಟಿರ್ತಿದ್ದ. ಚೆಲ್ಲಿದ್ರೆ ಮನೆಯೆಲ್ಲ ವಾಸನೆ, ನೀನು ಬಂದು ಅವನನ್ನ ಬೈತಿದ್ದೆ. ಅದಕ್ಕೆ ನಾನೇ ಕುಡಿದುಬಿಡ್ತಿದ್ದೆ. ಅವನಿಗೆ ಸಿಗಬಾರ್ದು ಅಂತ.”

ಗಂಟಲ ತನಕ ಬಂದದ್ದು ಬೈಗುಳವೇ. ಯಾರನ್ನು ಬೈಯುವುದೋ ತಿಳಿಯದೆ ಅಲ್ಲೇ ನಿಂತಿತು. ಅದನ್ನು ನುಂಗಿ, ಮಗಳ ಕೈ ಹಿಡಿದುಕೊಂಡಳು.

“ಹೇಳಿದ್ದು ಒಳ್ಳೇದಾಯ್ತು,” ಎಂದಳು. ದನಿ ಒಡೆದಿತ್ತು, ರೆಕಾರ್ಡ್ ಮಾಡುವವನು ಕೇಳಿದ್ದರೆ ಮತ್ತೊಮ್ಮೆ ಎನ್ನುತ್ತಿದ್ದ. “ನಾನು ಬೈಯಲ್ಲ.”

ಉಳಿದ ಮಾತು ಹೇಳಲು ಅವಳಿಗೆ ನಿಜಕ್ಕೂ ಭಯವಾಯಿತು. ಆದರೂ ಹೇಳಿದಳು.

“ಇನ್ನೂ ಇದ್ರೆ ಹೇಳು.”

“ಇದೆ,” ಎಂದಳು ಪಿಟೀಲು.