ಮಂಚದ ಕೆಳಗಿನ ಹಲಗೆ

ನಮ್ಮ ಓಣಿಯ ಜಾನಕಿಬಾಯಿಯವರ ಈ ಸಂಗತಿಯನ್ನು ಅವರೇ ನನಗೆ ಹೇಳಿದ್ದು, ಮೃಣಾಲಿನಿಯ ಕಿವಿಗೆ ಬೀಳಬಾರದು ಎಂಬ ಕರಾರಿನ ಮೇಲೆ. ಮೃಣಾಲಿನಿ ನಮ್ಮ ಭಜನಾ ಮಂಡಳಿಯ ಮುಂದಾಳು. ಅವಳು ಓದುವುದೇನಿದ್ದರೂ ಮೊಬೈಲಿನಲ್ಲಿ ಬಂದದ್ದನ್ನು ಮಾತ್ರ. ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ನಮ್ಮ ಇಂಡಿ ಊರಿನಲ್ಲಿ ಜಾನಕಿಬಾಯಿಯವರಿಗೆ ಹೆಸರು ಬಂದದ್ದು ಈಳಿಗೆಯಿಂದ. ಬಸವನ ಬಾಗೇವಾಡಿಯ ಮಗಳು, ಜಯತೀರ್ಥ ಮಾಸ್ತರರ ಹೆಂಡತಿಯಾಗಿ ಇಲ್ಲಿಗೆ ಬಂದರು. ಬಂದ ಹೊಸದರಲ್ಲೇ ಯಾರದೋ ಮನೆಯ ಮುಂಜಿಯಲ್ಲಿ ನೆಲಕ್ಕೆ ಕೂತು, ಈಳಿಗೆಯ ಮಣೆಯನ್ನು ಪಾದದಿಂದ ಒತ್ತಿ ಹಿಡಿದು, ಕೋಸಂಬರಿಗೆ ಒಂದು ಬುಟ್ಟಿ ಸೌತೆಕಾಯಿ ಹೆಚ್ಚಿ ಎದ್ದರಂತೆ. ಎಲ್ಲ ಹೋಳೂ ಒಂದೇ ಅಳತೆ. ಅಂದಿನಿಂದ ಮದುವೆಯಿರಲಿ, ಮಠದ ಆರಾಧನೆಯಿರಲಿ, ಕಾಯಿಪಲ್ಲೆಯ ರಾಶಿಯ ಎದುರು ಮೊದಲು ಕೂರುವವರು ಅವರು. ಉಳಿದ ಹೆಂಗಸರು ಅವರ ಸುತ್ತ ಕೂರಬೇಕು ಮತ್ತು ಬೈಸಿಕೊಳ್ಳಬೇಕು.

ಕೈಯಷ್ಟೇ ನಾಲಿಗೆಯೂ ಹರಿತ. "ಹೋಳು ತೋರಸ್ರಿ, ಹೆಚ್ಚಿದಾಕಿ ಎಂಥಾ ಮನಿಯಾಕಿ ಅಂತ ಹೇಳ್ತೀನಿ" ಎನ್ನುತ್ತಿದ್ದರು. ಚಾಕು ಹಿಡಿದವರನ್ನು ಕಂಡರಂತೂ ಮುಗಿಯಿತು. "ನಿಂತು ಹೆಚ್ಚೂದು ಖಾನಾವಳಿಯವರ ಕೆಲಸ" ಎಂಬ ಮಾತನ್ನು ನಮ್ಮಲ್ಲಿ ಕೇಳದವರಿಲ್ಲ.

ಮಗ ಪಾರ್ಥನ ಮದುವೆಯಾಗಿ ವೃಂದಾ ಬಂದಳು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಹುಡುಗಿ, ಮಾತು ಕಡಿಮೆ. ಅವಳ ಸಾಮಾನಿನಲ್ಲಿ ಗೆಳತಿಯರು ಕೊಟ್ಟ ಒಂದು ಕಟ್ಟಿಗೆಯ ಹಲಗೆ ಇತ್ತು, ಕಾಯಿಪಲ್ಲೆ ಹೆಚ್ಚುವುದಕ್ಕೆ. ಹೊಸ ಸೊಸೆಯನ್ನು ನೋಡಲು ಬಂದ ಹೆಂಗಸರ ಎದುರಿಗೇ ಜಾನಕಿಬಾಯಿ ಅದನ್ನು ಎತ್ತಿ ತಿರುಗಿಸಿ ನೋಡಿದರು. "ಭಾಳ ಛಲೋ ಆತು, ನಮ್ಮ ಸಿಲಿಂಡರ ಅಲುಗಾಡ್ತಿತ್ತು" ಎಂದವರೇ ಅಡಿಗೆಮನೆಗೆ ಹೋಗಿ ಗ್ಯಾಸಿನ ಸಿಲಿಂಡರಿನ ಕೆಳಗೆ ತುರುಕಿ ಬಂದರು. ನೆರೆದವರೆಲ್ಲ ನಕ್ಕರು. ವೃಂದಾ ಕೂಡ ನಕ್ಕಂತೆ ಮಾಡಿದಳು. ಮರುದಿನದಿಂದ ಈಳಿಗೆಗೆ ಕೂತಳು, ಬೆರಳಿಗೆ ಬಟ್ಟೆ ಸುತ್ತಿಕೊಂಡೇ ಶಾಲೆಗೆ ಹೋದಳು. ಹಲಗೆ ನೆಲ ತೊಳೆದ ನೀರು ಕುಡಿದು ಕೊಳೆತು, ಯಾವಾಗಲೋ ತಿಪ್ಪೆಗೆ ಹೋಯಿತು.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎಂಬುದು ಸುಳ್ಳಲ್ಲ. ಜಾನಕಿಬಾಯಿಯವರ ಮೊಣಕಾಲು ಕೈಕೊಟ್ಟವು. ಕೂರುವುದು ಹೇಗೋ ಆಗುತ್ತಿತ್ತು, ಏಳುವುದು ಆಗುತ್ತಿರಲಿಲ್ಲ. ನೆಲಕ್ಕೆ ಎರಡೂ ಕೈ ಊರಿ, ಅಂಬೆಗಾಲಿನ ಕೂಸಿನ ಹಾಗೆ ಒಲೆಯ ಕಟ್ಟೆಯ ತನಕ ಸರಿದು, ಅದನ್ನು ಹಿಡಿದು ಏಳಬೇಕು. ಡಾಕ್ಟರು ನೆಲಕ್ಕೆ ಕೂರಲೇಬಾರದು ಎಂದರು. ಈ ಮಾತನ್ನು ಅವರು ಗಂಡನಿಗೂ ಹೇಳಲಿಲ್ಲ. ಹೇಳಿದರೆ ನಿಂತು ಹೆಚ್ಚಬೇಕು. ನಿಂತು ಹೆಚ್ಚಲು ಹಲಗೆ ಬೇಕು, ಹಲಗೆ ತಂದುಕೊಡು ಎಂದು ಕೇಳಬೇಕಾದದ್ದು ವೃಂದಾಳನ್ನು. ಅದಕ್ಕಿಂತ ಸಾಯುವುದು ಲೇಸು ಎನಿಸಿತಂತೆ ಅವರಿಗೆ. ಎಂಥ ಹಟ ನೋಡಿ!

ಕೊನೆಗೆ ತಂಗಿಯ ಮನೆಗೆ ಹೋಗುವ ನೆಪ ಹೇಳಿ ಸಿಂದಗಿಯ ಬಸ್ಸು ಹತ್ತಿದರು. ಬಡಿಗರು ಇಂಡಿಯಲ್ಲೂ ಇದ್ದಾರೆ. ಆದರೆ ಇಲ್ಲಿ ಹಲಗೆ ಕೊಂಡರೆ ಅವರು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ. ಸಿಂದಗಿಯಲ್ಲಿ ಮಂಜೂರ ಎಂಬ ಬಡಿಗನ ಅಂಗಡಿ ಹುಡುಕಿದರು.

"ಕಾಯಿಪಲ್ಲೆ ಹೆಚ್ಚೋ ಹಲಗಿ ಬೇಕಾಗಿತ್ತಪಾ. ನನಗಲ್ಲ, ಸೊಸಿಗೆ."

"ಸೊಸಿ ಪುಣ್ಯವಂತಿ ಅದಾಳ ಬಿಡ್ರಿ ಅಮ್ಮಾರ," ಎಂದ ಮಂಜೂರ. "ಸೊಸಿ ಸಲುವಾಗಿ ಅಂಗಡಿಗಿ ಬಂದ ಅತ್ತಿನ ನಾ ಇವತ್ತ ನೋಡಾಕತ್ತೇನಿ."

ಜಾನಕಿಬಾಯಿಗೆ ಭೂಮಿ ಬಾಯಿಬಿಡಬಾರದೆ ಎನಿಸಿತು. ಸೆರಗಿನಿಂದ ಮುಖ ಒರೆಸಿಕೊಂಡು ಹಲಗೆಗಳ ಕಡೆ ತಿರುಗಿದರು. ಮಾವಿನದು ಅಗ್ಗ, ಆದರೆ ಮೆತ್ತಗಿರುವುದರಿಂದ ಚಾಕು ಬಿದ್ದಲ್ಲೆಲ್ಲ ಗೆರೆ ಬೀಳುತ್ತದೆ ಎಂದು ಅವನೇ ಹೇಳಿದ. ಸಾಗವಾನಿಯದೊಂದನ್ನು ಅವರು ಬೆರಳ ಗೆಣ್ಣಿನಿಂದ ಬಡಿದು ನೋಡಿದರು, ಮೂಸಿದರು, ನೆಲಕ್ಕಿಟ್ಟು ಅಲುಗಾಡುತ್ತದೇನೋ ಎಂದು ಒತ್ತಿದರು. ಎಲ್ಲೂ ಜೋಡಣೆ ಇರಲಿಲ್ಲ, ಒಂದೇ ತುಂಡು. ದಪ್ಪವಾಗಿ ನುಣುಪಾಗಿತ್ತು. ಕೈಗೆ ಬಂದೊಡನೆ ಇಷ್ಟವಾಯಿತು, ಇಷ್ಟವಾದದ್ದಕ್ಕೂ ನಾಚಿಕೆಯಾಯಿತು.

"ನೀರಾಗ ನೆನಿ ಹಾಕಬ್ಯಾಡ್ರಿ," ಎಂದ ಮಂಜೂರ, ಕಾಗದ ಸುತ್ತುತ್ತ. "ತೊಳದ ಕೂಡ್ಲೆ ಒರಸಿ, ಗ್ವಾಡಿಗಿ ಆನಿಸಿ ನಿಲ್ಲಸ್ರಿ. ಆಗಾಗ ಕೊಬ್ಬರಿ ಎಣ್ಣಿ ತಿಕ್ರಿ. ಶೇಂಗಾ ಎಣ್ಣಿ ಬ್ಯಾಡ, ಕಮಟ ವಾಸನಿ ಹಿಡಿತೈತಿ. ಗಾಳಿ ಮಾತ್ರ ಬೇಕ ನೋಡ್ರಿ, ಮುಚ್ಚಿ ಇಡಬ್ಯಾಡ್ರಿ. ಇಷ್ಟ ಸೊಸಿಗಿ ಹೇಳ್ರಿ."

ಮನೆಗೆ ಬಂದು ಜಾನಕಿಬಾಯಿ ಮಾಡಿದ ಮೊದಲ ಕೆಲಸವೇ ಮುಚ್ಚಿಡುವುದು. ಅವರ ಕೋಣೆಯ ಮಂಚದ ಕೆಳಗೆ, ಟ್ರಂಕಿನ ಹಿಂದೆ. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ, ಮಾಸ್ತರರು ಪೇಪರು ಓದಲು ವಾಚನಾಲಯಕ್ಕೆ ಹೊರಟ ಮೇಲೆ, ಹಲಗೆ ಹೊರಗೆ ಬರುತ್ತಿತ್ತು. ಕಟ್ಟೆಯ ಮುಂದೆ ನಿಂತು ಸಂಜೆಯ ಅಡಿಗೆಗೆ ಹೆಚ್ಚುತ್ತಿದ್ದರು. ಮುಗಿದ ಮೇಲೆ ಗಡಿಬಿಡಿಯಲ್ಲಿ ತೊಳೆದು, ಹಸಿಯಾಗಿರುವಾಗಲೇ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಮಂಚದ ಕೆಳಗೆ ತಳ್ಳುತ್ತಿದ್ದರು. ಅಷ್ಟಕ್ಕೇ ಬಿಡಲಿಲ್ಲ. ಈಳಿಗೆಗೆ ನೀರು ಚಿಮುಕಿಸಿ, ಅಲಗಿಗೆ ಒಂದಿಷ್ಟು ಸೌತೆಕಾಯಿ ಸಿಪ್ಪೆ ಅಂಟಿಸಿ ನೆಲದ ಮೇಲೆ ಇಟ್ಟಿರುತ್ತಿದ್ದರು, ನೋಡಿದವರಿಗೆ ಈಗಷ್ಟೇ ಹೆಚ್ಚಿ ಎದ್ದ ಹಾಗೆ ಕಾಣಲಿ ಎಂದು. ಇದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ.

ಮಳೆಗಾಲ ಬಂತು. "ಈ ಖೋಲ್ಯಾಗ ಏನೋ ಮುಗ್ಗಿದ ವಾಸನಿ ಬರ್ಲಿಕ್ಕತ್ತದ" ಎಂದರು ಮಾಸ್ತರರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, "ನಿಮ್ಮ ಹಳೀ ಪುಸ್ತಕದ್ದು ಅದು!" ಎಂದು ಜಾನಕಿಬಾಯಿ ಅವರ ಮೇಲೇ ಹರಿಹಾಯ್ದರು. ಮರುದಿನ ಹಲಗೆ ಬಿಚ್ಚಿ ನೋಡಿದರೆ ಮೈತುಂಬ ಕಪ್ಪು ಬೂಜು. ಸೀಗೆಪುಡಿ ಹಾಕಿ ತಿಕ್ಕಿದರು, ಹೋಗಲಿಲ್ಲ. ಬಿಸಿಲಿಗೆ ಇಡಬೇಕೆಂದರೆ ಅಂಗಳ ಎಲ್ಲರ ಕಣ್ಣಿಗೆ ಬೀಳುತ್ತದೆ. ಅಳು ಬಂದು, ಮತ್ತೆ ಸುತ್ತಿ ಒಳಗೆ ತಳ್ಳಿದರು.

ಮುಂದೆ ಎರಡು ಮೂರು ದಿನ ಅದರ ಗೊಡವೆಗೆ ಹೋಗಲಿಲ್ಲ. ಆಮೇಲೆ ತೆಗೆದಾಗ ಹಲಗೆಯ ಮೇಲೆ ಬೂಜಿರಲಿಲ್ಲ. ಉಪ್ಪು, ಲಿಂಬೆಹಣ್ಣು ಹಾಕಿ ಯಾರೋ ಒಂದು ಮೂಲೆಯನ್ನೂ ಬಿಡದೆ ತಿಕ್ಕಿದ್ದರು. ಕೊಬ್ಬರಿ ಎಣ್ಣೆ ಕುಡಿದು ಸಾಗವಾನಿ ಹೊಳೆಯುತ್ತಿತ್ತು. ಸುತ್ತಿದ ಬಟ್ಟೆ ಒಗೆದದ್ದು, ಒಣಗಿದ್ದು. ಮಾಸ್ತರರಿಗೆ ಈಳಿಗೆಗೂ ಪಾಟಿಗೂ ವ್ಯತ್ಯಾಸ ತಿಳಿಯದು. ಪಾರ್ಥ ನೀರು ಕುಡಿದ ಲೋಟ ಎತ್ತಿಡುವವನಲ್ಲ. ಇನ್ನು ಉಳಿದವಳು ಒಬ್ಬಳೇ.

ಆ ಸಂಜೆ ವೃಂದಾ ಎಂದಿನಂತೆ ಬಂದಳು, ಎಂದಿನಂತೆ ಚಹಾ ಕೊಟ್ಟಳು, ಏನೂ ಹೇಳಲಿಲ್ಲ. ಮುಂದಿನ ವಾರ ಹಲಗೆಗೆ ಮತ್ತೆ ಎಣ್ಣೆಯಾಗಿತ್ತು, ಅದರ ಮುಂದಿನ ವಾರವೂ. ಅವಳು ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಬೈಯುವುದರಲ್ಲಿ ಜಾನಕಿಬಾಯಿ ಯಾರಿಗೂ ಸೋತವರಲ್ಲ. ಸುಮ್ಮನಿರುವವಳ ಎದುರು ಏನು ಮಾಡುವುದು? ಹಲಗೆ ಮುಟ್ಟಿದಾಗಲೆಲ್ಲ ಕೊಬ್ಬರಿ ಎಣ್ಣೆಯ ವಾಸನೆ ಬರುತ್ತಿತ್ತು, ಅವರ ತಲೆ ತಾನಾಗಿ ಬಾಗುತ್ತಿತ್ತು.

ಒಂದು ಶನಿವಾರ ಭಜನೆ ಅವರ ಮನೆಯಲ್ಲಿ. ಹೇಳಿದ ವೇಳೆಗಿಂತ ಮೊದಲೇ ನಾವು ಹೋಗಿಬಿಟ್ಟೆವು. ವೃಂದಾ ಆಗಷ್ಟೇ ಶಾಲೆಯಿಂದ ಬಂದಿದ್ದಳು. ಭಜನೆಯಾಗಿ ಕೋಸಂಬರಿ ಕೈಗೆ ಬಂದಾಗ ಮೃಣಾಲಿನಿ, "ಸೌತಿಕಾಯಿ ನೋಡ್ರಿ, ಈಳಗಿ ಅಂದ್ರ ಇದು, ಜಾನಕಿಬಾಯೀದು!" ಎಂದು ಹೊಗಳಿದಳು. ನೀರು ಕುಡಿಯಲು ಒಳಗೆ ಹೋದವಳು ಹಲಗೆಯನ್ನು ಎತ್ತಿಕೊಂಡೇ ಬಂದಳು. ನಾವು ಬೇಗ ಬಂದದ್ದರಿಂದ ಅದನ್ನು ಬಚ್ಚಿಡಲು ಆಗಿರಲಿಲ್ಲ.

"ಇದೇನರೀ ಜಾನಕಿಬಾಯಿ, ನಿಮ್ಮ ಮನ್ಯಾಗೂ ಖಾನಾವಳಿ ಸುರು ಆತೇನು? ಯಾರದಿದು?"

ಜಾನಕಿಬಾಯಿ ಬಾಯಿ ತೆರೆದದ್ದನ್ನು ನಾನು ನೋಡಿದೆ.

"ನಂದರೀ," ಎಂದಳು ವೃಂದಾ. "ನನಗ ಕೂತು ಹೆಚ್ಚಲಿಕ್ಕೆ ಬರೂದಿಲ್ಲ."

ಎಲ್ಲರೂ ನಕ್ಕರು. "ಇಂಥಾ ಅತ್ತಿ ಇದ್ದೂ ಕಲೀಲಿಲ್ಲಲ್ಲ! ನೀವರ ಹೇಳ್ರಿ ಸೊಸಿಗೆ," ಎಂದು ಮೃಣಾಲಿನಿ ತಿರುಗಿದಳು. ಆಗ ಜಾನಕಿಬಾಯಿಯ ಹಳೆಯ ನಾಲಿಗೆ ತಾನೇ ಹೊರಳಿತು. "ಈಗಿನವರಿಗೆ ಯಾರು ಹೇಳಬೇಕವಾ," ಎಂದರು. ಇನ್ನಷ್ಟು ನಗೆಯೆದ್ದಿತು. ವೃಂದಾ ಮೃಣಾಲಿನಿಯ ಕೈಯಿಂದ ಹಲಗೆ ಇಸಿದುಕೊಂಡು ಒಳಗೆ ಹೋದಳು.

ನಾವೆಲ್ಲ ಹೋದ ಮೇಲೆ ನಡೆದದ್ದನ್ನು ಜಾನಕಿಬಾಯಿ ಅಳುತ್ತ ಹೇಳಿದರು. ವೃಂದಾ ಹಲಗೆ ತೊಳೆದು, ಒರೆಸಿ, ಸೀರೆಯ ತುಂಡು ಹಿಡಿದು ಕೋಣೆಯ ಕಡೆ ಬಂದಳಂತೆ. ಇವರು ಬಾಗಿಲಿಗೆ ಅಡ್ಡ ನಿಂತರು.

"ಅದು ನಂದು ಅಂತ ನಾ ಹೇಳಬೇಕಾಗಿತ್ತು, ವೃಂದಾ. ಹೇಳೂದು ಬಿಟ್ಟು ನಾನೂ ನಿನಗೇ ಅಂದೆ."

"ಇರಲಿ ಬಿಡ್ರಿ ಅತ್ಯಾ," ಎಂದಳು ಅವಳು. "ನಿಮ್ಮನ್ನ ನೋಡಿ ಯಾರೂ ಎಂದೂ ನಕ್ಕಿಲ್ಲ, ನಿಮಗ ತಡಕೊಳ್ಳಿಕ್ಕೆ ಆಗ್ತಿರಲಿಲ್ಲ. ನನಗ ಈ ಮನಿಗೆ ಬಂದಾಗಿಂದ ರೂಢಿ ಅದ."

ಚುಚ್ಚಿ ಹೇಳಿದ ಮಾತಲ್ಲವಂತೆ ಅದು. ನಾಳೆ ಶಾಲೆಗೆ ರಜೆ ಎಂದು ಹೇಳುವಷ್ಟೇ ಸಹಜವಾಗಿ ಹೇಳಿದಳಂತೆ. ಜಾನಕಿಬಾಯಿ ಬಾಗಿಲು ಬಿಟ್ಟು ಸರಿದು ನಿಂತರು. ವೃಂದಾ ಒಳಗೆ ಹೋಗಿ, ಬಗ್ಗಿ, ಹಲಗೆಯನ್ನು ಮಂಚದ ಕೆಳಗಿಟ್ಟಳು.