ಕಮಿಟಿಯ ಕಾಫಿ

ಕೊಟ್ಟಿಗೆಹಾರದಲ್ಲಿ ನಾವು ಕೆಲವರು ಸಂಬಳವಿಲ್ಲದ ಕಮಿಟಿ ಮಾಡಿಕೊಂಡು ಬಡ ರೋಗಿಗಳಿಗೆ ಆಂಬುಲೆನ್ಸ್ ಓಡಿಸುತ್ತಿದ್ದೆವು. ಧಾರವಾಡದಿಂದ ಮದುವೆಯಾಗಿ ಬಂದ ನಾನೂ ಅದರಲ್ಲಿದ್ದೆ. ಘಾಟಿಯಲ್ಲಿ ಅನಾಹುತವಾಗಿ ಕೇಸು ಬಿದ್ದರೆ ಕಮಿಟಿಯವರ ಸ್ವಂತ ಮನೆಗೂ ಕುತ್ತು ಬರಬಹುದೆಂದು ವಕೀಲರೊಬ್ಬರು ಹೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಅದಕ್ಕೂ ವಿಮೆಯಿದೆ ಎಂದು ತಿಳಿದು ಏಜೆಂಟರನ್ನು ಮೀಟಿಂಗಿಗೆ ಕರೆಸಿದೆವು.

"ಮಂಜಿದ್ರೂ ಗಾಡಿ ಘಾಟಿ ಇಳೀಬಹುದು ಅಂತ ತೀರ್ಮಾನ ಮಾಡಿದೋರು ಯಾರು?" ಎಂದು ನಮ್ಮ ನಿಯಮಗಳ ಪಟ್ಟಿ ನೋಡಿ ಅವರು ಕೇಳಿದರು.

ನಮ್ಮಲ್ಲಿ ಕೈ ಎತ್ತುವ ಪದ್ಧತಿಯಿರಲಿಲ್ಲ. ಮಾತು ಮುಗಿದು ಕಾಫಿ ಬಂದಾಗ ಲೋಟ ಎತ್ತಿಕೊಂಡರೆ ಒಪ್ಪಿದಂತೆ.

"ನಾವು ಕಾಫಿ ಕುಡಿದ್ವಿ, ಅಷ್ಟೇ," ಎಂದರು ಅಧ್ಯಕ್ಷರಾದ ಗೌಡರು.

"ಮೊದಲು ಕುಡಿದೋರು?"

"ಇವ್ರೇ, ನಮ್ಮ ಧಾರವಾಡದ ಅಕ್ಕ."

ನಾನು ಗೌಡರ ಕಡೆ ತಿರುಗಿದೆ. "ಯಾಕ್ರೀ ಗೌಡ್ರ, ನೀವು ಕುಡೀಲಿಲ್ಲೇನು?"

"ನಾನು ಆಮೇಲೆ ಕುಡಿದಿದ್ದು."

ಏಜೆಂಟರು ನಕ್ಕರು. "ಪಾಲಿಸಿ ಕಮಿಟಿಯ ಎಲ್ಲರಿಗೂ ಸೇರಿ. ಮಾಡ್ಸೋದಾ?"

ಅಷ್ಟರಲ್ಲಿ ಕಾಫಿ ಬಂತು. ಕೆನೆ ಕಟ್ಟಿದರೂ ಯಾರೂ ಮುಟ್ಟಲಿಲ್ಲ. ಹೇಗೂ ಸಿಕ್ಕಿಬಿದ್ದವಳು, ವಿಮೆಯಾದರೂ ಇರಲಿ ಎಂದು ನಾನೇ ಮೊದಲು ಲೋಟ ಎತ್ತಿದೆ. ಉಳಿದವರೂ ಎತ್ತಿಕೊಂಡರು.

ಮುಂದಿನ ಮೀಟಿಂಗುಗಳಿಗೆ ಗೌಡರು ಮನೆಯಲ್ಲೇ ಕಾಫಿ ಕುಡಿದು ಬರತೊಡಗಿದರು.