ಬಲ್ಬಿಲ್ಲದೆ ಉರಿದ ಬ್ರೇಕ್ ದೀಪ

ಕರೆಂಟಿಲ್ಲದೆ ದೀಪ ಉರಿಯುವುದಿಲ್ಲ. ನಾನು ಅನ್ನ ತಿನ್ನುತ್ತಿರುವುದೇ ಈ ಒಂದು ಮಾತಿನ ಮೇಲೆ. ಪಿಲ್ಲಗುಂಪೆಯ ಕಾರ್ಖಾನೆಯೊಂದರಲ್ಲಿ ನಾನು ಎಲೆಕ್ಟ್ರಿಷಿಯನ್. ಯಾರಾದರೂ ದೆವ್ವ, ಗಾಳಿ, ಶಕುನ ಅಂತ ಶುರುಮಾಡಿದರೆ ಮೊದಲು ನಗುತ್ತಿದ್ದವನು ನಾನೇ. ಇದನ್ನು ಓದಿ ನೀವು ನಕ್ಕರೆ ನನಗೇನೂ ಬೇಜಾರಿಲ್ಲ.

ಮದುವೆಗೆ ಮುಂಚೆ ಕೊಂಡ ಹಳೇ ಮೋಟಾರ್ ಸೈಕಲ್ ನನ್ನದು. ಅದರ ಮೀಟರಿನ ಪಕ್ಕ ಕಡಲೆಕಾಳಿನಷ್ಟು ಒಂದು ಕೆಂಪು ದೀಪವಿದೆ. ಮುಂದಿನ ಬ್ರೇಕಿನ ಆಯಿಲ್ ಕಡಿಮೆಯಾದರೆ ಅದು ಹತ್ತಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಅದು ಸುಮ್ಮಸುಮ್ಮನೆ ಹತ್ತುವುದು, ಆರುವುದು ಶುರುವಾಯಿತು. ಮುಚ್ಚಳ ತೆಗೆದು ನೋಡಿದರೆ ಆಯಿಲ್ ತುಂಬಿದೆ, ಬ್ರೇಕೂ ಗಟ್ಟಿಯಾಗಿ ಹಿಡಿಯುತ್ತಿದೆ. ಇನ್ನೊಂದು ವಿಚಿತ್ರವೆಂದರೆ, ನಾನೊಬ್ಬನೇ ಡ್ಯೂಟಿಗೆ ಹೋಗುವಾಗ ಅದು ತೆಪ್ಪಗಿರುತ್ತಿತ್ತು. ಹೆಂಡತಿ ಶೋಭಾ ಹಿಂದೆ ಕೂತರೆ ಮಾತ್ರ ಮಿಣುಕುತ್ತಿತ್ತು.

"ನನ್ನ ತೂಕ ಜಾಸ್ತಿಯಾಯ್ತು ಅಂತ ನಿಮ್ಮ ಗಾಡಿ ಚಾಡಿ ಹೇಳ್ತಿದ್ಯಾ?" ಎಂದು ಅವಳು ನಗುತ್ತಿದ್ದಳು. ನನಗೆ ನಗು ಬರುತ್ತಿರಲಿಲ್ಲ. ಹಿಂದಿನ ವರ್ಷವಷ್ಟೇ ಹೊಟ್ಟೆಯಲ್ಲಿದ್ದ ಕೂಸನ್ನು ಕಳೆದುಕೊಂಡಿದ್ದೆವು. ಆಮೇಲಿಂದ ಅವಳನ್ನು ಕೂರಿಸಿಕೊಂಡಾಗ ಒಂದೊಂದು ಗುಂಡಿಯನ್ನೂ ನೋಡಿಕೊಂಡೇ ಓಡಿಸುತ್ತಿದ್ದೆ. ಅಂಥದ್ದರಲ್ಲಿ ಕಣ್ಣೆದುರು ಈ ಕೆಂಪು ದೀಪ ಬೇರೆ.

ಒಮ್ಮೆ ಬಂದು ಒಮ್ಮೆ ಮಾಯವಾಗುವ ಫಾಲ್ಟಿನಷ್ಟು ತಲೆನೋವು ಇನ್ನೊಂದಿಲ್ಲ. ತೂಕಕ್ಕೆ ಸೀಟಿನ ಕೆಳಗಿನ ವೈರು ಎಳೆಯುತ್ತಿರಬಹುದೆಂದು ನನ್ನ ಜೊತೆ ಕೆಲಸ ಮಾಡುವ ಸಲೀಮನನ್ನು ಹಿಂದೆ ಕೂರಿಸಿ ಕುಣಿಸಿದೆ. ಅವನು ಶೋಭಾಳ ಎರಡರಷ್ಟು ತೂಗುತ್ತಾನೆ. ದೀಪ ಹತ್ತಲಿಲ್ಲ. ಮೂರು ವಾರ ಹುಡುಕಿ, ಕೊನೆಗೆ ಬ್ರೇಕ್ ಆಯಿಲ್ ಡಬ್ಬಿಯ ಕೆಳಗಿನ ವೈರ್ ಜಾಯಿಂಟ್ ಬಿಚ್ಚಿದರೆ ಒಳಗೆಲ್ಲ ಕೆಂಪು ಕೆಸರು! ವರ್ಷವರ್ಷದ ಆಯುಧಪೂಜೆಗೆ ನೀರು ಹೊಡೆದು, ಹ್ಯಾಂಡಲ್ ತುಂಬ ನಾನೇ ಮೆತ್ತಿದ್ದ ಅರಿಶಿನ ಕುಂಕುಮ ಅದು.

"ನಿನ್ ಗಾಡಿಗೆ ಪೂಜೆ ಜಾಸ್ತಿ ಆಗ್ಬಿಟ್ಟೈತೆ ಗುರು!" ಎಂದು ಸಲೀಮ ಬಿದ್ದು ಬಿದ್ದು ನಕ್ಕ. ಉಜ್ಜಿ ತೊಳೆದು ಒಣಗಿಸಿ ಜೋಡಿಸಿದೆ. ಫಾಲ್ಟ್ ಸಿಕ್ಕಿತಲ್ಲ ಎಂದು ನೆಮ್ಮದಿಯಾಯಿತು.

ಆ ಭಾನುವಾರ ಸಂಜೆ ಘಾಟಿ ಸುಬ್ರಹ್ಮಣ್ಯದ ಹತ್ತಿರ ಇರುವ ಅತ್ತೆ ಮನೆಗೆ ಹೊರಟೆವು. ಶೋಭಾ ಕೂತಳು, ಕೀ ತಿರುಗಿಸಿದೆ, ದೀಪ ಎಂದಿನಂತೆ ಒಮ್ಮೆ ಹತ್ತಿ ಆರಿ, ಮತ್ತೆ ಹತ್ತಿತು. ನನಗೆ ರೇಗಿಹೋಯಿತು. ಕಾರ್ಖಾನೆಯಲ್ಲಿ ಪ್ಯಾನೆಲ್ಲಿನ ದೀಪ ಕಾರಣವಿಲ್ಲದೆ ಕಾಡಿದರೆ ಬಲ್ಬು ಕಿತ್ತಿಟ್ಟು ಶಿಫ್ಟ್ ಮುಗಿಸುವುದು ನಮ್ಮ ರೂಢಿ. ಆಯಿಲ್, ಬ್ರೇಕು ಎರಡನ್ನೂ ಇನ್ನೊಮ್ಮೆ ನೋಡಿದೆ, ಸರಿಯಾಗಿದ್ದವು. ಮೀಟರಿನ ಹಿಂದಿನಿಂದ ಬಲ್ಬು ಕಿತ್ತು ಅಂಗಿ ಜೇಬಿಗೆ ಹಾಕಿಕೊಂಡೆ. ಈಗ ಹೇಗೆ ಉರೀತೀಯೋ ನೋಡ್ತೀನಿ ಅಂತ ಗಾಡಿಗೇ ಹೇಳಿದೆ.

ದೊಡ್ಡಬಳ್ಳಾಪುರ ದಾಟಿ ತುಂಬ ಮುಂದೆ ಬಂದಿದ್ದೆವು. ಹೊತ್ತು ಇಳಿದು ಓರೆಬಿಸಿಲು ಬೀಳುತ್ತಿತ್ತು. ಒಂದು ಇಳಿಜಾರು ಇನ್ನೇನು ಶುರುವಾಗಬೇಕು, ಶೋಭಾ ನನ್ನ ಭುಜ ಹಿಡಿದು, "ರೀ, ಲೈಟ್ ಉರೀತಿದೆ, ನಿಲ್ಸಿ" ಎಂದಳು.

"ಬಲ್ಬೇ ನನ್ನ ಜೇಬಲ್ಲಿದೆ ಕಣೇ" ಎನ್ನುತ್ತಾ ಕೆಳಗೆ ನೋಡಿದೆ. ಉರಿಯುತ್ತಿತ್ತು. ಮಿಣುಕುತ್ತಿರಲಿಲ್ಲ, ನಿಂತು ಉರಿಯುತ್ತಿತ್ತು. ಬಿಸಿಲಿನ ಹೊಳಪಿರಬೇಕೆಂದು ಎಡಗೈಯನ್ನು ಅಡ್ಡ ಹಿಡಿದೆ. ಅಂಗೈಯೊಳಗೆಲ್ಲ ಕೆಂಪು ಬಿತ್ತು. ಗೇರ್ ಇಳಿಸಿ, ಹಿಂದಿನ ಬ್ರೇಕ್ ತುಳಿದು ಪಕ್ಕಕ್ಕೆ ನಿಲ್ಲಿಸಿದೆ. ನಿಲ್ಲಿಸಿದ ಮೇಲೆ ನೋಡಿದರೆ ದೀಪವಿಲ್ಲ.

ಸುಮ್ಮನೆ ಮುಂದಿನ ಬ್ರೇಕ್ ಹಿಡಿದು ನೋಡಿದೆ. ಲಿವರ್ ಸೀದಾ ಬಂದು ಹ್ಯಾಂಡಲಿಗೆ ತಗುಲಿತು. ಆಯಿಲಿನ ರಬ್ಬರ್ ಪೈಪ್ ಸೀಳಿ ಮುಂದಿನ ಟೈರೆಲ್ಲ ತೊಯ್ದಿತ್ತು. ಕೆಳಗೆ ಇಳಿಜಾರು ಮುಗಿಯುವಲ್ಲಿ ಕಲ್ಲು ತುಂಬಿದ ಟ್ರ್ಯಾಕ್ಟರೊಂದು ರಸ್ತೆಗೆ ಅಡ್ಡಲಾಗಿ ತಿರುಗುತ್ತಿತ್ತು.

ಶೋಭಾ ರಸ್ತೆ ಪಕ್ಕದ ಕಲ್ಲಿನ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಅತ್ತುಬಿಟ್ಟಳು.

"ಒಂದೂವರೆ ತಿಂಗ್ಳು ಆಗಿದೆ ಕಣ್ರೀ. ಹೋದ್ಸಲ ನೀವು ಫ್ಯಾಕ್ಟ್ರಿಗೆಲ್ಲ ಸ್ವೀಟ್ ಹಂಚ್ಬಿಟ್ರಲ್ಲ, ಅದ್ಕೇ ಈ ಸಲ ಗಟ್ಟಿಯಾಗೋವರ್ಗೂ ನಿಮ್ಗೂ ಹೇಳ್ಬಾರ್ದು ಅಂತಿದ್ದೆ."

ನಾನೂ ಅವಳ ಪಕ್ಕ ಕೂತು ಅತ್ತೆ. ನಾಚಿಕೆಯೇನಿಲ್ಲ, ಅತ್ತೆ. ಆಮೇಲೆ ಜೇಬಿಗೆ ಕೈ ಹಾಕಿದೆ. ಬಲ್ಬು ಅಲ್ಲೇ ಇತ್ತು. ದೀಪದ ಹೋಲ್ಡರ್ ಖಾಲಿಯಾಗಿತ್ತು.

ಮರುದಿನ ಸಲೀಮನಿಗೆ ಹೇಳಿದೆ. "ಬಿಸಿಲು ಹೊಡ್ದೈತೆ ಕಣೋ" ಎಂದ. ಅಂಗೈ ಯಾಕೆ ಕೆಂಪಾಯಿತು ಎಂದು ಕೇಳಿದರೆ "ಚಾ ಕುಡಿ" ಅಂದ. ಶೋಭಾಗೆ ಯಾವ ಅನುಮಾನವೂ ಇಲ್ಲ. ಹೊಟ್ಟೆಯಲ್ಲಿದ್ದವಳೇ ಎಚ್ಚರಿಸಿದಳು ಎನ್ನುತ್ತಾಳೆ. ನಾನು ಒಪ್ಪುವುದಿಲ್ಲ. ಒಪ್ಪದೆ ಬೇರೇನು ಹೇಳಬೇಕೆಂದೂ ತಿಳಿದಿಲ್ಲ. ಪೈಪ್ ಬದಲಿಸಿ, ಅದೇ ಬಲ್ಬನ್ನು ಅದೇ ಹೋಲ್ಡರಿಗೆ ಹಾಕಿದ್ದೇನೆ. ಕೀ ತಿರುಗಿಸಿದಾಗ ಒಮ್ಮೆ ಹತ್ತಿ ಆರುತ್ತದೆ. ದಾರಿಯಲ್ಲಿ ಮತ್ತೆ ಒಂದು ಸಲವೂ ಹತ್ತಿಲ್ಲ.

ಈಗ ಟ್ಯಾಂಕಿನ ಮೇಲೆ ಮಗಳು ಕೂರುತ್ತಾಳೆ. ಕೀ ತಿರುಗಿಸಿದ ಕೂಡಲೇ ಬಗ್ಗಿ ಅದನ್ನೇ ನೋಡುತ್ತಾಳೆ. "ಕೆಂಪು ಹೋಯ್ತು ಅಪ್ಪಾ, ಹೋಗಣ" ಎನ್ನುತ್ತಾಳೆ. ಆರಿದ್ದು ನನಗೂ ಕಾಣುತ್ತದೆ. ಆದರೂ ಅವಳು ಹೇಳುವವರೆಗೆ ನಾನು ಕ್ಲಚ್ ಬಿಡುವುದಿಲ್ಲ.